ಮನೆಗೆ ಬರುವ ಗಾಜಿನ ಎಳೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. “ಮನೆಗೆ ಬ್ರಾಡ್‌ಬ್ಯಾಂಡ್ ಅಂತರಜಾಲ ಹಾಕಿಸಬೇಕೆಂದಿದ್ದೇವೆ. ಯಾವ ಕಂಪನಿಯದು ಉತ್ತಮವೆಂಬುದನ್ನು ದಯವಿಟ್ಟು ತಿಳಿಸಬೇಕು” ಎಂಬುದೇ ಆ ಪ್ರಶ್ನೆ. ಕೇಳಿದವರಲ್ಲಿ ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿ, ಮುಂಜಾನೆ ಮೊಮ್ಮಕ್ಕಳ ಮುಖ ನೋಡಲು ಕಾಯುವ ಹಿರಿಯರಿದ್ದಾರೆ. ಪ್ರವೇಶ ಪರೀಕ್ಷೆಗೆ ಓದುವ ಮಕ್ಕಳ ತಾಯಂದಿರಿದ್ದಾರೆ. ಅಡತಿ ಅಂಗಡಿಯ ಲೆಕ್ಕವನ್ನೆಲ್ಲ ಗಣಕಯಂತ್ರದಲ್ಲಿಯೇ ಇಡಬೇಕಾಗಿ ಬಂದ ವ್ಯಾಪಾರಿ ಬಂಧುಗಳೂ ಇದ್ದಾರೆ. ಒಂದು ಕಾಲಕ್ಕೆ ಇದು ಪಟ್ಟಣದ ಅನುಕೂಲಸ್ಥರ ಷೋಕಿ ಎನಿಸಿತ್ತು. ಈಗ ನಲ್ಲಿ, ವಿದ್ಯುತ್ತು, ಅಡುಗೆ ಅನಿಲಗಳ ಸಾಲಿಗೆ ಬಂದು ನಿಂತಿದೆ.

ಕಂಪನಿಯೊಂದರ ಹೆಸರು ಬರೆದು ಕೈತೊಳೆದುಕೊಳ್ಳುವುದು ನಮಗೆ ಸುಲಭ. ಆದರೆ ಅದರಿಂದ ನಿಮಗೆ ಪ್ರಯೋಜನವಾಗಲಾರದು. ಹೊಸ ಬಡಾವಣೆಯೊಂದರಲ್ಲಿ ವರ್ಷಾನುಗಟ್ಟಲೆ ನಿಲ್ಲದೆ ನಡೆಯುವ ಸಂಪರ್ಕವು, ಅದೇ ಊರಿನ ಹಳೆಯ ಪೇಟೆಯ ಓಣಿಯಲ್ಲಿ, ಅದೇ ಕಂಪನಿಯದಾಗಿದ್ದರೂ, ವಾರಕ್ಕೆರಡು ಸಲ ಕಡಿಯುವುದುಂಟು. ಆದುದರಿಂದ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿಕೊಳ್ಳುವುದು ಲೇಸು. ಓಣಿಯ ಕಂಬದಿಂದ ನಮ್ಮ ಮನೆಯ ಗೋಡೆಯವರೆಗೆ ಬರುವ ಎಳೆಯನ್ನು ನೋಡಿಕೊಳ್ಳುವವರು ಯಾರು? ಅದು ಕಡಿದಾಗ ಏಣಿ ಹೊತ್ತು ಬರುವವರು ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ? ಕಂಪನಿಯ ಕರಪತ್ರದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾದ ವೇಗದ ಸಂಖ್ಯೆಗಿಂತ ಈ ಪ್ರಶ್ನೆಗಳಿಗೆ ದೊರೆಯುವ ಉತ್ತರಗಳೇ ಸಂಸಾರಕ್ಕೆ ಮುಖ್ಯವಾದವುಗಳು.

ಏಕೆಂಬುದನ್ನು ಅರಿಯಲು ಈ ಸೇವೆ ಮನೆಗೆ ಹೇಗೆ ಬರುತ್ತದೆಂಬುದನ್ನು ಸ್ವಲ್ಪ ತಿಳಿಯಬೇಕು. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಆಗ ಅದು ದೂರವಾಣಿಯ ತಾಮ್ರದ ತಂತಿಯಲ್ಲಿಯೇ ಬರುತ್ತಿತ್ತು. ಅಂತರಜಾಲ ತೆರೆದರೆ ಫೋನು ಸುಮ್ಮನಾಗುತ್ತಿತ್ತು, ಫೋನು ಬೇಕಾದವರು ಮನೆಯ ಹುಡುಗನನ್ನು ಗದರಿಸಿ ಎಬ್ಬಿಸಬೇಕಾಗುತ್ತಿತ್ತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಸಂಸ್ಥೆಯ ‘ಡಾಟಾಒನ್’ ಬಂದ ಮೇಲೆ ಒಂದೇ ತಂತಿಯಲ್ಲಿ ಮಾತೂ ಮಾಹಿತಿಯೂ ಜೊತೆಯಾಗಿ ಹರಿದವು. ಆ ಕಾಲದ ಸರಕಾರಿ ನೀತಿಯಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಸಾಕಾಗಿತ್ತು. 2013ರಲ್ಲಿ ಅದನ್ನು 512 ಕಿಲೋಬಿಟ್‌ಗೆ, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿಸಲಾಯಿತು. ತಾಮ್ರದ ದೋಷವೇನೆಂದರೆ ದೂರ ಹೆಚ್ಚಿದಂತೆ ಅದರ ಶಕ್ತಿ ಕುಂದುತ್ತದೆ. ದೂರವಾಣಿ ವಿನಿಮಯ ಕೇಂದ್ರದಿಂದ ಮೂರು ನಾಲ್ಕು ಕಿಲೋಮೀಟರು ಆಚೆಯ ಮನೆಗೆ ತಲುಪುವ ಹೊತ್ತಿಗೆ ವೇಗವೆಂಬುದು ಹೆಸರಿಗೆ ಮಾತ್ರ ಉಳಿಯುತ್ತದೆ.

ಈಗ ಬರುತ್ತಿರುವುದು ಗಾಜಿನ ತಂತು, ಅಂದರೆ ಫೈಬರ್. ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಸಂದೇಶವನ್ನು ಬಹುದೂರ ಕಳುಹಿಸಬಹುದೆಂದು 1966ರಲ್ಲಿ ತೋರಿಸಿದ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಕೂದಲೆಳೆಯಷ್ಟು ಸಣ್ಣದಾದ ಈ ಗಾಜಿನಲ್ಲಿ ಬೆಳಕು ಹತ್ತಾರು ಕಿಲೋಮೀಟರು ಹೋದರೂ ಬಹಳವಾಗಿ ಕುಂದದು. ಆದರೆ ಕಂಪನಿಯವರು ಪ್ರತಿ ಮನೆಗೂ ಪ್ರತ್ಯೇಕವಾದ ಎಳೆಯನ್ನು ಕೇಂದ್ರದಿಂದ ಎಳೆಯುವುದಿಲ್ಲ. ಕೇಂದ್ರದಿಂದ ಹೊರಟ ಒಂದು ಎಳೆಯನ್ನು ಓಣಿಯ ಪೆಟ್ಟಿಗೆಯಲ್ಲಿ ಕವಲೊಡೆಸಿ ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಆ ಒಂದು ಎಳೆಯ ಒಟ್ಟು ಸಾಮರ್ಥ್ಯ ಸೆಕೆಂಡಿಗೆ ಸುಮಾರು 2,488 ಮೆಗಾಬಿಟ್. ಅರವತ್ತನಾಲ್ಕು ಮನೆಯವರೂ ಏಕಕಾಲದಲ್ಲಿ ಪೂರ್ತಿ ಸೆಳೆದರೆ ಒಬ್ಬೊಬ್ಬರ ಪಾಲಿಗೆ ಬರುವುದು 39 ಮೆಗಾಬಿಟ್ ಮಾತ್ರ. ಎಲ್ಲರೂ ಒಟ್ಟಿಗೆ ಸೆಳೆಯುವುದಿಲ್ಲವಾದ್ದರಿಂದ ಹಗಲು ಹೊತ್ತು ನೂರು ಬರುತ್ತದೆ. ರಾತ್ರಿ ಎಂಟರಿಂದ ಹನ್ನೊಂದರವರೆಗೆ, ಕ್ರಿಕೆಟ್ಟು ಧಾರಾವಾಹಿಗಳ ವೇಳೆಯಲ್ಲಿ, ಕೆಲವು ಓಣಿಗಳಲ್ಲಿ ಅದು ಇಳಿಯುತ್ತದೆ. ಕಂಪನಿ ಸುಳ್ಳು ಹೇಳಿತೆಂದಲ್ಲ. ಆದರೆ ಪೂರ್ಣ ಸತ್ಯವನ್ನು ಯಾವ ಕರಪತ್ರವೂ ಹೇಳುವುದಿಲ್ಲ.

ದಾವಣಗೆರೆಯ ಕಡೆಯ ಪಟ್ಟಣವೊಂದರ ಪರಿಚಿತ ಕುಟುಂಬದ ವಿಷಯವನ್ನು ಇಲ್ಲಿ ಹೇಳುವುದು ಉಚಿತ. ಸೊಸೆ ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದವಳು. 2020ರಲ್ಲಿ ಕಚೇರಿಗಳು ಬಾಗಿಲು ಹಾಕಿದಾಗ ಗಂಡನೊಡನೆ ಊರಿಗೆ ಬಂದಳು. ಅತ್ತೆಗೆ ಮಂಡಿನೋವು, ಮಾವನವರಿಗೆ ಹೃದ್ರೋಗ. ಮನೆಯಲ್ಲಿ ಒಬ್ಬರು ಇರಲೇಬೇಕಾದ ಪರಿಸ್ಥಿತಿ. ಊರಿನಲ್ಲಿಯೇ ಇದ್ದುಕೊಂಡು ಕೆಲಸ ಮುಂದುವರಿಸಲು ಸಂಸ್ಥೆ ಒಪ್ಪಿತು. ಅಂತರಜಾಲ ಸಂಪರ್ಕ ಕಡಿಯಕೂಡದೆಂಬ ನಿಬಂಧನೆಯನ್ನೂ ಹಾಕಿತು. ಮನೆಯವರು ಅತ್ಯಂತ ಅಗ್ಗದ್ದನ್ನು ಹುಡುಕಿ, ಇನ್ನೂ ರಿಯಾಯಿತಿ ಸಿಗುವುದೆಂದು ಇಡೀ ವರ್ಷದ ಹಣವನ್ನು ಮೊದಲೇ ಕಟ್ಟಿದರು. ಮೊದಲ ಮಳೆಗೆ ಕಡಿಯಿತು. ಮೂರು ದಿನ ಯಾರೂ ಬರಲಿಲ್ಲ. ಆಮೇಲೆ ಬಂದವನು ಜೋಡಿಸಿ ಹೋದ ಹತ್ತೇ ದಿನಕ್ಕೆ, ಎತ್ತರಕ್ಕೆ ಹೊಟ್ಟು ತುಂಬಿದ್ದ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ಜೋತುಬಿದ್ದಿದ್ದ ಆ ಎಳೆಯನ್ನು ಎಳೆದುಕೊಂಡು ಹೋಯಿತು. ಕಚೇರಿಯ ಸಭೆಯ ನಡುವೆ ಮೂರನೆಯ ಸಲ ಮಾತು ಅರ್ಧಕ್ಕೆ ನಿಂತಾಗ, ಬೆಂಗಳೂರಿಗೆ ಮರಳುವುದೋ ರಾಜೀನಾಮೆ ಕೊಡುವುದೋ ಎಂಬಲ್ಲಿಗೆ ಸಂಸಾರ ಬಂದು ನಿಂತಿತು. ಸೊಸೆ ಹೋದರೆ ಹಿರಿಯರನ್ನು ನೋಡುವವರಿಲ್ಲ. ಕೆಲಸ ಹೋದರೆ ಮನೆಯ ಸಾಲ ತೀರುವಂತಿಲ್ಲ.

ಅವರಿಗೆ ದಾರಿ ತೋರಿಸಿದ್ದು ಓಣಿಯ ತುದಿಯ ರಕ್ತಪರೀಕ್ಷೆಯ ಪ್ರಯೋಗಾಲಯ. ವರದಿಗಳನ್ನು ದಿನವಿಡೀ ವೈದ್ಯರಿಗೆ ಕಳುಹಿಸಬೇಕಾದ ಆ ಪ್ರಯೋಗಾಲಯದವರು ಮೂರು ಸೇವೆಗಳನ್ನು ಪ್ರಯತ್ನಿಸಿ ನೋಡಿ ಒಂದರಲ್ಲಿ ನೆಲೆನಿಂತಿದ್ದರು. ತಿಂಗಳಿಗೆ ನೂರೈವತ್ತು ರೂಪಾಯಿ ಹೆಚ್ಚು. ಆದರೆ ದುರಸ್ತಿ ಮಾಡುವ ಹುಡುಗ ಅದೇ ಊರಿನವನು, ಎರಡು ಓಣಿಯ ಆಚೆ ಅವನ ಮನೆ. ಆ ಸಂಪರ್ಕ ಪಡೆದ ಮೇಲೆ ಕಡಿಯಲೇ ಇಲ್ಲವೆಂದಲ್ಲ. ಕಡಿದಾಗ ಸಂಜೆಯೊಳಗೆ ಸರಿಯಾಗುತ್ತಿತ್ತು. ಅಲ್ಲಿಯವರೆಗೆ ಮೊಬೈಲಿನ ಅಂತರಜಾಲದಲ್ಲಿ ಹೇಗೋ ನಿಭಾಯಿಸುವುದು ಸಾಧ್ಯವಾಗುತ್ತಿತ್ತು. ಸೊಸೆಯ ಕೆಲಸ ಉಳಿಯಿತು, ಆಕೆ ಊರಿನಲ್ಲಿಯೇ ಉಳಿದಳು.

ಆದ್ದರಿಂದ ವಿಚಾರಣೆಯನ್ನು ಕಂಪನಿಯ ಮಳಿಗೆಯಿಂದ ಆರಂಭಿಸಬೇಡಿರಿ. ಹಗಲೆಲ್ಲ ಅಂತರಜಾಲವನ್ನೇ ನಂಬಿ ದುಡಿಯುವವರನ್ನು ಮೊದಲು ಕೇಳಿರಿ. ಜೆರಾಕ್ಸ್ ಅಂಗಡಿಯವರು, ಗ್ರಾಮ ಒನ್ ಕೇಂದ್ರದವರು, ಔಷಧಿ ಅಂಗಡಿಯವರು, ಪತ್ರಬರಹಗಾರರು — ಇವರಿಗೆ ಯಾವ ಕಂಪನಿಯ ಮೇಲೂ ಮಮಕಾರವಿರುವುದಿಲ್ಲ. “ಚೆನ್ನಾಗಿದೆಯೇ” ಎಂದು ಕೇಳಿದರೆ “ಚೆನ್ನಾಗಿದೆ” ಎಂಬ ಉಪಚಾರದ ಉತ್ತರ ಬರುತ್ತದೆ. “ಕಳೆದ ಸಲ ಯಾವಾಗ ಕಡಿಯಿತು, ಎಷ್ಟು ದಿನಕ್ಕೆ ಸರಿಹೋಯಿತು” ಎಂದು ಕೇಳಿದರೆ ಸಂಗತಿ ಹೊರಬೀಳುತ್ತದೆ. ಎಳೆ ಯಾವ ಕಂಬದ ಮೇಲೆ ಬರುತ್ತದೆಂಬುದನ್ನೂ ನೋಡಿಕೊಳ್ಳಿರಿ. ವಿದ್ಯುತ್ ಕಂಬಗಳಿಗೆ ಅನುಮತಿಯಿಲ್ಲದೆ ಸುತ್ತಿದ ಕೇಬಲ್ಲುಗಳನ್ನು ವಿದ್ಯುತ್ ಕಂಪನಿಯವರು ಕತ್ತರಿಸಿ ತೆಗೆದ ಪ್ರಸಂಗಗಳು ಬೆಂಗಳೂರಿನಲ್ಲಿ ನಡೆದಿವೆ.

ಇನ್ನು ವೇಗದ ಲೆಕ್ಕ. ಇಲ್ಲಿ ಅನೇಕರು ಮೋಸಹೋಗುವುದು ಬಿಟ್ ಮತ್ತು ಬೈಟ್‌ಗಳ ವ್ಯತ್ಯಾಸವನ್ನು ಅರಿಯದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಕಂಪನಿ ಹೇಳುವ ವೇಗ ಮೆಗಾಬಿಟ್‌ಗಳಲ್ಲಿ, ನಾವು ಇಳಿಸಿಕೊಳ್ಳುವ ಕಡತದ ಗಾತ್ರ ಮೆಗಾಬೈಟ್‌ಗಳಲ್ಲಿ. ಆದುದರಿಂದ ನೂರು ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್ ಬಂದೀತು. ಅದನ್ನು ನೋಡಿ ಎಂಟನೆಯ ಒಂದು ಪಾಲು ಮಾತ್ರ ಕೊಟ್ಟಿದ್ದಾರೆಂದು ಜಗಳವಾಡಿದ ಸಂಭಾವಿತರೂ ಇದ್ದಾರೆ.

ಸಂಸಾರಕ್ಕೆ ನಿಜವಾಗಿ ಎಷ್ಟು ಬೇಕು? ಮುಖ ನೋಡುತ್ತ ಮಾತನಾಡುವ ವಿಡಿಯೋ ಕರೆಗೆ ಮೂರು ನಾಲ್ಕು ಮೆಗಾಬಿಟ್ ಸಾಕು. ದೂರದರ್ಶನದ ಪರದೆಯಲ್ಲಿ ಸ್ಪಷ್ಟವಾಗಿ ಚಲನಚಿತ್ರ ನೋಡಲು ಐದು, ದೊಡ್ಡ ಟಿ.ವಿ.ಯಲ್ಲಿ ಫೋರ್-ಕೆ ಎಂಬ ಅತಿಸ್ಪಷ್ಟ ಚಿತ್ರ ಬೇಕೆಂದರೆ ಹದಿನೈದಕ್ಕೂ ಹೆಚ್ಚು. ಒಬ್ಬರು ಕಚೇರಿಯ ಸಭೆಯಲ್ಲಿ, ಒಬ್ಬರು ಪಾಠದಲ್ಲಿ, ಒಬ್ಬರು ಟಿ.ವಿ.ಯ ಮುಂದೆ, ಇನ್ನಿಬ್ಬರು ಮೊಬೈಲ್ ಹಿಡಿದು ಕುಳಿತರೂ ಒಟ್ಟು ಇಪ್ಪತ್ತೈದು ಮೂವತ್ತು ದಾಟುವುದು ಕಷ್ಟ. ಐದಾರು ಜನರ ಮನೆಗೆ ನಲವತ್ತು ಐವತ್ತು ಮೆಗಾಬಿಟ್‌ನ ಯೋಜನೆ ಧಾರಾಳವಾಯಿತೆಂಬುದು ನಮ್ಮ ಅಭಿಪ್ರಾಯ. ಮುನ್ನೂರು, ಸಾವಿರ ಎಂಬ ಸಂಖ್ಯೆಗಳಿಗೆ ಮರುಳಾಗಿ ಹಣ ತೆರುವುದು, ನಾಲ್ಕು ಜನರ ಮನೆಗೆ ಮದುವೆಯ ಹಂಡೆ ಕೊಂಡಂತೆ. ಒಂದು ಮಾತನ್ನು ಮಾತ್ರ ಮರೆಯಬಾರದು: ಬರುವ ವೇಗದಂತೆ ನಮ್ಮಿಂದ ಹೊರಹೋಗುವ ವೇಗವನ್ನೂ ಕೇಳಬೇಕು. ಮನೆಯಿಂದ ದುಡಿಯುವವರಿಗೆ, ಪಾಠ ಹೇಳುವವರಿಗೆ ಅದೇ ಮುಖ್ಯ. ನಮ್ಮ ಮುಖ ಮತ್ತು ಧ್ವನಿ ಅತ್ತ ತಲುಪುವುದು ಆ ದಾರಿಯಲ್ಲಿ.

‘ಅಮಿತ ಬಳಕೆ’ ಎಂಬುದಕ್ಕೂ ಒಂದು ಮಿತಿಯಿರುತ್ತದೆ. ತಿಂಗಳಿಗೆ ಇಷ್ಟು ಜಿಬಿ ಬಳಸಿದ ಮೇಲೆ ವೇಗವನ್ನು ಇಳಿಸುತ್ತಾರೆ. ಅನೇಕ ಯೋಜನೆಗಳಲ್ಲಿ ಈ ಮಿತಿ 3,300 ಜಿಬಿ. ಸ್ಪಷ್ಟ ಚಿತ್ರಕ್ಕೆ ಗಂಟೆಗೆ ಸುಮಾರು 3 ಜಿಬಿ ಖರ್ಚೆಂದು ಹಿಡಿದರೆ, ಮೂವತ್ತು ದಿನ ಹಗಲಿರುಳು ಒಂದು ಟಿ.ವಿ. ನಡೆದರೂ 2,160 ಜಿಬಿ ದಾಟದು. ಅಂಥ ಯೋಜನೆಯಲ್ಲಿ ಚಿಂತಿಸುವ ಕಾರಣವಿಲ್ಲ. ಅಗ್ಗದ ಯೋಜನೆಗಳಲ್ಲಿ ಮಿತಿ ಬಹಳ ಕಡಿಮೆಯಿರಬಹುದು. ಅದೆಷ್ಟು, ದಾಟಿದ ಮೇಲೆ ಉಳಿಯುವ ವೇಗವೆಷ್ಟು ಎಂಬೆರಡನ್ನೂ ಕೇಳಿ ಬರೆದಿಟ್ಟುಕೊಳ್ಳಿರಿ. ಹಾಗೆಯೇ, ಜಾಹೀರಾತಿನ ದರಕ್ಕೆ ಶೇಕಡಾ 18ರ ಜಿಎಸ್‌ಟಿ ಸೇರುತ್ತದೆ. 499 ರೂಪಾಯಿ ಎಂದದ್ದು ಕೈಯಿಂದ ಹೋಗುವಾಗ 588 ರೂಪಾಯಿ 82 ಪೈಸೆಯಾಗುತ್ತದೆ. ರಿಯಾಯಿತಿಯ ಆಸೆಗೆ ವರ್ಷದ ಹಣವನ್ನು ಮುಂಗಡ ಕಟ್ಟುವುದನ್ನು ಮೊದಲ ಎರಡು ಮೂರು ತಿಂಗಳ ಮಟ್ಟಿಗಾದರೂ ತಡೆಯುವುದು ವಿವೇಕ. ಒಂದು ಮಳೆಗಾಲವನ್ನು ನೋಡಿ ಕಟ್ಟಿದರೆ ಇನ್ನೂ ಒಳಿತು.

ಗಾಜಿನ ಎಳೆ ತಲುಪದ ಊರುಗಳ ಬಂಧುಗಳು ನಮ್ಮದೇನು ಗತಿಯೆಂದು ಕೇಳಬಹುದು. ಕೊರೋನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠಕ್ಕಾಗಿ ಗುಡ್ಡ ಹತ್ತಿ ಮಳೆಯಲ್ಲಿ ಕೊಡೆ ಹಿಡಿದು ಕುಳಿತದ್ದನ್ನು ನಾಡೆಲ್ಲ ಕಂಡಿದೆ. 2011ರಲ್ಲಿ ಆರಂಭವಾಗಿ 2015ರಲ್ಲಿ ಭಾರತ್‌ನೆಟ್ ಎಂದು ಹೆಸರು ಪಡೆದ ಕೇಂದ್ರದ ಯೋಜನೆ ಗ್ರಾಮ ಪಂಚಾಯತಿಗಳಿಗೆ ಈ ಎಳೆಯನ್ನು ಒಯ್ಯುವ ಉದ್ದೇಶದ್ದು. ಅದನ್ನು ವಿಸ್ತರಿಸಲು 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಗಳಿಗೆ ಒಪ್ಪಿಗೆ ದೊರೆಯಿತು. ನಿಮ್ಮ ಪಂಚಾಯತಿ ಕಚೇರಿಗೆ ಬಂದಿದೆಯೇ, ಅಲ್ಲಿಂದ ಮನೆಗಳಿಗೆ ಕೊಡುವವರಿದ್ದಾರೆಯೇ ಎಂದು ವಿಚಾರಿಸಬಹುದು. ಇನ್ನೊಂದು ದಾರಿ, 2023ರಲ್ಲಿ ಏರ್‌ಟೆಲ್ ಮತ್ತು ಜಿಯೋ ಕಂಪನಿಗಳು ಏರ್‌ಫೈಬರ್ ಎಂಬ ಹೆಸರಿನಲ್ಲಿ ಆರಂಭಿಸಿದ ಸೇವೆ. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಎಳೆ ಬರುವುದಿಲ್ಲ. ಮಾಳಿಗೆಯ ಮೇಲೋ ಕಿಟಕಿಯ ಬಳಿಯೋ ಇಟ್ಟ ಪೆಟ್ಟಿಗೆಯು 5ಜಿ ಗೋಪುರದಿಂದ ಸಂಕೇತವನ್ನು ಹಿಡಿಯುತ್ತದೆ. ಕಡಿಯುವ ತಂತಿ ಇಲ್ಲದಿರುವುದು ಇದರ ಗುಣ. ಗೋಪುರದ ದೂರ ಮತ್ತು ಜನಸಂದಣಿಗೆ ತಕ್ಕಂತೆ ವೇಗ ಏರಿಳಿಯುವುದು ಇದರ ದೋಷ. ಎರಡೂ ದೊರೆಯುವ ಊರಿನಲ್ಲಿ ಎಳೆಯನ್ನೇ ಆರಿಸಿಕೊಳ್ಳಿರಿ.

ಆಯ್ಕೆ ಮುಗಿದು ಜೋಡಿಸುವ ದಿನ ಬಂದಾಗ ಮನೆಯ ಹಿರಿಯರೊಬ್ಬರು ಕೆಲಸ ಮುಗಿಯುವವರೆಗೆ ನಿಂತು ನೋಡಬೇಕು. ಅವಸರದ ಹುಡುಗರು ಕಿಟಕಿಯ ಸಂದಿಯಿಂದ ಎಳೆಯನ್ನು ಒಳತಂದು, ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು, ಮಿಕ್ಕ ಉದ್ದವನ್ನು ಮುದ್ದೆ ಮಾಡಿ ಸಿಕ್ಕಿಸಿ ಹೋಗುತ್ತಾರೆ. ಬಾಗಿಲು ಹಾಕುವಾಗ ಅದು ಅಲ್ಲಿ ಜಜ್ಜಿಹೋಗುತ್ತದೆ. ಗಾಜು ಗಾಜೇ, ತೀರ ಬಗ್ಗಿಸಿದರೆ ಮುರಿಯದಿದ್ದರೂ ಬೆಳಕು ಸೋರಿಹೋಗುತ್ತದೆ. ಹೆಣ್ಣುಮಕ್ಕಳ ಕೈಬಳೆಗಿಂತ ಚಿಕ್ಕ ಸುತ್ತು ಎಲ್ಲಿಯೂ ಬೀಳದಂತೆ ನೋಡಿಕೊಂಡರೆ ಸಾಕು. ಗೋಡೆಯಲ್ಲಿ ರಂಧ್ರ ಕೊರೆಯುವುದಾದರೆ ಹೊರಗಿನಿಂದ ಒಳಕ್ಕೆ ಏರುವ ಓರೆಯಲ್ಲಿ ಕೊರೆಸಬೇಕು. ಇಲ್ಲವಾದರೆ ಮಳೆಯ ನೀರು ಎಳೆಯ ಗುಂಟ ಒಳಗೆ ಬರುತ್ತದೆ. ರಸ್ತೆ ದಾಟುವ ಎಳೆ ಲಾರಿಯ ತಲೆಗೆ ತಾಗದಷ್ಟು ಎತ್ತರದಲ್ಲಿದೆಯೇ ಎಂಬುದನ್ನು ಹೊರಗೆ ನಿಂತು ಒಮ್ಮೆ ನೋಡಿರಿ.

ಮನೆಯಲ್ಲಿ ಅಂಬೆಗಾಲಿಡುವ ಮಕ್ಕಳಿದ್ದರೆ ಇನ್ನೊಂದು ಎಚ್ಚರ ಅತ್ಯಗತ್ಯ. ಎಳೆಯನ್ನು ಕತ್ತರಿಸಿ ಜೋಡಿಸುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಚೂರುಗಳು ನೆಲಕ್ಕೆ ಬೀಳುತ್ತವೆ. ಚರ್ಮದಲ್ಲಿ ಹೊಕ್ಕರೆ ತೆಗೆಯುವುದು ಕಷ್ಟ. ಬಾಯಿಗೆ ಹೋದರೆ ಅಪಾಯ. ಕೆಳಗೆ ಕಾಗದ ಹಾಸಿ ಕೆಲಸ ಮಾಡಲು ಹೇಳಿ, ಮುಗಿದ ಮೇಲೆ ಆ ಜಾಗವನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆಯಿರಿ. ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಬೆಳಕು.

ಹೊರಡುವ ಮೊದಲು ಆ ಹುಡುಗನ ಬಳಿಯಿರುವ ಮಾಪಕದಿಂದ ಬೆಳಕಿನ ಬಲವನ್ನು ಅಳೆದು ತೋರಿಸಲು ಕೇಳಿರಿ. ಅದನ್ನು ಡಿಬಿಎಂ ಎಂಬ ಏಕಮಾನದಲ್ಲಿ, ಋಣ ಸಂಖ್ಯೆಯಾಗಿ ಹೇಳುತ್ತಾರೆ. ಋಣ 20ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆಯೆಂದು ತಿಳಿಯಬಹುದು. ಋಣ 27ರ ಹತ್ತಿರಕ್ಕೆ ಇಳಿದಿದ್ದರೆ ಎಲ್ಲಿಯೋ ಜೋಡಣೆ ಸರಿಯಿಲ್ಲ. ಇಂದು ನಡೆಯುತ್ತದೆ, ಮುಂದೆ ಕೈಕೊಡುತ್ತದೆ. ಆಗಲೇ ಮತ್ತೆ ಜೋಡಿಸಲು ಒತ್ತಾಯಿಸುವುದರಲ್ಲಿ ಸಂಕೋಚ ಬೇಡ. ಪೆಟ್ಟಿಗೆಯ ಮೇಲಿನ ದೀಪಗಳ ಅರ್ಥವನ್ನು ಮನೆಯ ಎಲ್ಲರಿಗೂ ಹೇಳಿಸಿರಿ. ಪಾನ್ ಎಂದು ಬರೆದ ದೀಪ ಹಸಿರಾಗಿ ಸ್ಥಿರವಾಗಿರಬೇಕು. ಎಲ್‌ಓಎಸ್ ಎಂದು ಬರೆದ ದೀಪ ಕೆಂಪಾಗಿ ಮಿನುಗಿದರೆ ಬೆಳಕು ಬರುತ್ತಿಲ್ಲವೆಂದು ಅರ್ಥ. ಹೆಚ್ಚಾಗಿ ಹೊರಗೆಲ್ಲಿಯೋ ಎಳೆ ಕಡಿದಿರುತ್ತದೆ. “ಪೆಟ್ಟಿಗೆ ಆರಿಸಿ ಹಚ್ಚಿ ನೋಡಿ” ಎಂದು ದೂರು ಕೇಂದ್ರದವರು ಹತ್ತು ಸಲ ಹೇಳಿಸುವುದನ್ನು ಇದೊಂದು ತಿಳಿವಳಿಕೆ ತಪ್ಪಿಸುತ್ತದೆ.

ಇಷ್ಟಾದ ಮೇಲೆಯೂ “ಪಡಸಾಲೆಯಲ್ಲಿ ಬರುತ್ತದೆ, ಒಳಕೋಣೆಯಲ್ಲಿ ಬರುವುದಿಲ್ಲ” ಎಂಬ ದೂರು ಅತಿ ಸಾಮಾನ್ಯವಾದುದು. ಇದು ಬಹುಪಾಲು ನಮ್ಮ ಮನೆಗಳ ಗೋಡೆಗಳ ಗುಣ. ಕಲಬುರಗಿ, ಬಾಗಲಕೋಟೆಗಳ ಕಡೆಯ ಹಳೆಯ ಕಲ್ಲಿನ ಮನೆಗಳು, ಧಾರವಾಡದ ಕಡೆಯ ಮಣ್ಣುಗೋಡೆಯ ಮನೆಗಳು ಬೇಸಗೆಯ ಬಿಸಿಲನ್ನು ತಡೆದಂತೆಯೇ ವೈ-ಫೈ ತರಂಗಗಳನ್ನೂ ತಡೆಯುತ್ತವೆ. ವೈ-ಫೈ ಪೆಟ್ಟಿಗೆಯಾದ ರೂಟರ್ ಎರಡು ಬಗೆಯ ತರಂಗಗಳನ್ನು ಹೊರಡಿಸುತ್ತದೆ. 2.4 ಗಿಗಾಹರ್ಟ್ಸ್‌ನದು ನಿಧಾನ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ; 5 ಗಿಗಾಹರ್ಟ್ಸ್‌ನದು ವೇಗವಾದುದು, ಆದರೆ ಒಂದೆರಡು ಗೋಡೆಗಳಿಗೇ ಸೋಲುತ್ತದೆ. ಎರಡನ್ನೂ ಕೊಡುವ ರೂಟರನ್ನೇ ಕೇಳಿ ಪಡೆಯಿರಿ. ಹಳೆಯ ಒಂದೇ ತರಂಗದ ರೂಟರ್ ಹಾಕಿ ನೂರು ಮೆಗಾಬಿಟ್‌ಗೆ ಹಣ ತೆರುವುದು ವ್ಯರ್ಥ.

ಎಲ್ಲಿಡಬೇಕು? ಎಳೆ ಒಳಬಂದ ಮೂಲೆಯಲ್ಲಿಯೇ ಇಡುವುದು ಜೋಡಿಸುವವನಿಗೆ ಅನುಕೂಲ, ನಿಮಗಲ್ಲ. ಮನೆಯ ನಡುಭಾಗದಲ್ಲಿ, ಆಳೆತ್ತರದಲ್ಲಿ, ತೆರೆದ ಜಾಗದಲ್ಲಿ ಇಡಬೇಕು. ಚೆಂದಕ್ಕೆಂದು ಗೋಡೆಯ ಗೂಡಿನಲ್ಲಿಯೋ ಟಿ.ವಿ.ಯ ಹಿಂದೆಯೋ ಅಡಗಿಸಬಾರದು. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಹಿತ್ತಾಳೆ ಸ್ಟೀಲು ಪಾತ್ರೆಗಳ ಕಪಾಟು, ನೀರಿನ ತೊಟ್ಟಿ ಇವೆಲ್ಲವೂ ತರಂಗಗಳಿಗೆ ಅಡ್ಡಿ. ಮೈಕ್ರೋವೇವ್ ಒಲೆಯೂ 2.4ರ ಆಸುಪಾಸಿನಲ್ಲಿಯೇ ಕೆಲಸ ಮಾಡುವುದರಿಂದ ಅಡುಗೆಮನೆಯಿಂದ ದೂರವಿಡುವುದು ಮೇಲು. ಎರಡು ಅಂತಸ್ತಿನ ಮನೆಯಲ್ಲಿ ಒಂದೇ ಪೆಟ್ಟಿಗೆಯಿಂದ ಎಲ್ಲ ಕಡೆಗೂ ಬರಲೆಂದು ಹಟ ಹಿಡಿಯುವುದಕ್ಕಿಂತ, ಕ್ಯಾಟ್-6 ಎಂಬ ತಂತಿಯನ್ನು ಮೇಲಕ್ಕೆ ಎಳೆಸಿ ಅಲ್ಲೊಂದು ಚಿಕ್ಕ ರೂಟರ್ ಇಡುವುದು ಶಾಶ್ವತ ಪರಿಹಾರ. ಈ ತಂತಿ ನೂರು ಮೀಟರಿನವರೆಗೆ ಪೂರ್ತಿ ವೇಗವನ್ನು ಒಯ್ಯುತ್ತದೆ. ಹೊಸ ಮನೆ ಕಟ್ಟಿಸುತ್ತಿರುವವರಂತೂ ವಿದ್ಯುತ್ತಿನ ಕೊಳವೆ ಹಾಕಿಸುವಾಗಲೇ ಇದಕ್ಕೂ ಒಂದು ಪ್ರತ್ಯೇಕ ಕೊಳವೆಯನ್ನು ಪ್ರತಿ ಕೋಣೆಗೆ ಹಾಕಿಸಲಿ. ಆಮೇಲೆ ಹೊಸ ಗಿಲಾವನ್ನು ಒಡೆಯುವ ಸಂಕಟ ತಪ್ಪುತ್ತದೆ.

ವಿದ್ಯುತ್ ಹೋದರೆ ಅಂತರಜಾಲವೂ ಹೋಗಲೇಬೇಕೆಂದಿಲ್ಲ. ಗಾಜಿನ ಎಳೆಗೆ ನಮ್ಮ ಮನೆಯ ವಿದ್ಯುತ್ತು ಬೇಕಿಲ್ಲ, ಪೆಟ್ಟಿಗೆಗೆ ಮಾತ್ರ ಬೇಕು. ಅದು ಸಾಮಾನ್ಯವಾಗಿ 12 ವೋಲ್ಟಿನದು. ಅದಕ್ಕೆಂದೇ ಚಿಕ್ಕ ಬ್ಯಾಟರಿ ಪೆಟ್ಟಿಗೆಗಳು ಒಂದೆರಡು ಸಾವಿರ ರೂಪಾಯಿಯೊಳಗೆ ದೊರೆಯುತ್ತವೆ. ಕೊಳ್ಳುವಾಗ ನಿಮ್ಮ ಪೆಟ್ಟಿಗೆಯ ವೋಲ್ಟನ್ನು ನೋಡಿ ಹೊಂದಿಸಿಕೊಳ್ಳಿರಿ. ಮಿಂಚಿನ ಭಯವೂ ತಾಮ್ರದ ಕಾಲದಷ್ಟಿಲ್ಲ, ಗಾಜು ವಿದ್ಯುತ್ತನ್ನು ಹರಿಸದು. ಆದರೆ ಕೇಬಲ್ಲಿನ ಬಲಕ್ಕೆಂದು ಒಳಗೆ ಉಕ್ಕಿನ ತಂತಿ ಇರುವುದುಂಟು, ಪೆಟ್ಟಿಗೆಯ ಇನ್ನೊಂದು ತುದಿ ವಿದ್ಯುತ್ ಸಾಕೆಟ್ಟಿನಲ್ಲಿರುತ್ತದೆ. ಗುಡುಗು ಸಿಡಿಲಿನ ವೇಳೆ ಪ್ಲಗ್ ತೆಗೆದಿಡುವುದೇ ಕ್ಷೇಮ.

ಪಾಸ್‌ವರ್ಡ್ ಬಗ್ಗೆ ಎರಡು ಮಾತು. ಜೋಡಿಸಲು ಬಂದವನು ಇಟ್ಟುಹೋದ ಪಾಸ್‌ವರ್ಡನ್ನು ಅಂದೇ ಬದಲಿಸಿರಿ. ಮೊಬೈಲ್ ಸಂಖ್ಯೆ, ಮನೆದೇವರ ಹೆಸರು ಬೇಡ. ನಿಮ್ಮ ಸಂಪರ್ಕದಿಂದ ಬೇರೊಬ್ಬರು ಅಪರಾಧವೆಸಗಿದರೆ ಪೊಲೀಸರು ಮೊದಲು ಬರುವುದು ನಿಮ್ಮ ಬಾಗಿಲಿಗೆ. ಕಂಪನಿಯವರೆಂದು ಹೇಳಿ ಫೋನಿನಲ್ಲಿ ಓಟಿಪಿ ಕೇಳುವವರಿಗೆ ಏನನ್ನೂ ಹೇಳಬಾರದು. ಹಣ ಹೋಯಿತೆಂದು ತಿಳಿದ ಕೂಡಲೆ 1930 ಸಂಖ್ಯೆಗೆ ಕರೆ ಮಾಡಬೇಕು. ಮಕ್ಕಳು ಏನು ನೋಡುತ್ತಾರೆಂಬ ಚಿಂತೆಗೆ ರೂಟರಿನಲ್ಲಿಯೇ ವೇಳೆ ಗೊತ್ತುಪಡಿಸುವ ಅನುಕೂಲವಿದೆ. ಆದರೂ ಗಣಕಯಂತ್ರವನ್ನು ಬಾಗಿಲು ಹಾಕಿದ ಕೋಣೆಯಲ್ಲಿಡದೆ ಎಲ್ಲರೂ ಓಡಾಡುವ ಪಡಸಾಲೆಯಲ್ಲಿಡುವುದು ಯಾವ ಯಂತ್ರಕ್ಕಿಂತಲೂ ಉತ್ತಮ ಕಾವಲೆಂದು ನಮ್ಮ ಭಾವನೆ.

ಸೇವೆ ಕೆಟ್ಟಾಗ ದುರಸ್ತಿಯ ಹುಡುಗನಿಗೆ ಫೋನು ಮಾಡಿ ಸುಮ್ಮನಾಗಬೇಡಿರಿ. ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ ದೂರಿನ ಸಂಖ್ಯೆಯನ್ನು ಪಡೆದು, ದಿನಾಂಕ ಸಹಿತ ಬರೆದಿಡಿರಿ. ಆ ಸಂಖ್ಯೆಯಿಲ್ಲದ ದೂರು ದೂರೇ ಅಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಗಳಂತೆ, ಅಲ್ಲಿ ಪರಿಹಾರ ದೊರೆಯದಿದ್ದರೆ ಕಂಪನಿಯಲ್ಲಿಯೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು; ಅವರು 39 ದಿನಗಳೊಳಗೆ ಇತ್ಯರ್ಥಪಡಿಸಬೇಕು. ಅದೂ ಆಗದಿದ್ದರೆ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ದೂರಸಂಪರ್ಕ ಕಂಪನಿಗಳ ವಿರುದ್ಧ ಗ್ರಾಹಕರು ಅಲ್ಲಿಗೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಕೊನೆಗೆ, ಸೇವೆಯನ್ನು ಬಿಡುವ ಪ್ರಸಂಗ ಬಂದಾಗ ಕೇವಲ ಹಣ ಕಟ್ಟುವುದನ್ನು ನಿಲ್ಲಿಸಿದರೆ ಸಾಲದು. ಕೆಲವು ಯೋಜನೆಗಳಲ್ಲಿ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ನಿಲ್ಲಿಸಬೇಕೆಂದು ಬರವಣಿಗೆಯಲ್ಲಿ ತಿಳಿಸಿರಿ. ಪೆಟ್ಟಿಗೆ ಕಂಪನಿಯದಾಗಿದ್ದರೆ ಅದನ್ನೂ ಅದರ ವಿದ್ಯುತ್ ಅಡಾಪ್ಟರನ್ನೂ ಒಪ್ಪಿಸಿ, ಪೆಟ್ಟಿಗೆಯ ಕ್ರಮಸಂಖ್ಯೆ ನಮೂದಾಗಿರುವ ರಸೀತಿಯನ್ನು ಪಡೆದುಕೊಂಡು, ಠೇವಣಿಯ ಹಣ ಕೈಸೇರುವವರೆಗೆ ಅದನ್ನು ಮನೆಯ ಕಾಗದಪತ್ರಗಳ ಜೊತೆಗೆ ಇಟ್ಟುಕೊಳ್ಳಿರಿ.